ಬಿಸಿಲಿಗಿಟ್ಟ ಗೂಡು

ನನ್ನ ಬಾಯಿಗೆ ಬೆಂಕಿ ಹಾಕ. ಮೊಮ್ಮಗ ವಂಶಿಯನ್ನು ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದ ದಿನ ಅವನ ಅಕ್ಕ ಮಿತ್ರ, "ತಮ್ಮ ಎಲ್ಲಜ್ಜಿ?" ಎಂದಳು. "ನಮ್ ರೇಷ್ಮೆ ಹುಳ ಗೂಡಲ್ಲಿ ಮಲಗಲ್ವಾ, ಹಂಗೇ ಮಲಗವ್ನೆ ಕಣಮ್ಮ. ರೆಕ್ಕೆ ಬಂದ್ಮೇಲೆ ಎದ್ದು ಬರ್ತಾನೆ," ಎಂದುಬಿಟ್ಟೆ.

ಆರು ವರ್ಷದ ಮಗು, ನಂಬಿತು. ಅವತ್ತಿನಿಂದ ಸಂಜೆ ಬಾಗಿಲು ಹಾಕಲು ಬಿಡಳು. ಊಟಕ್ಕೆ ಕೂತರೆ ಅವನ ತಟ್ಟೆಯನ್ನೂ ತೊಳೆದು ಪಕ್ಕದಲ್ಲಿ ಇಟ್ಟುಕೊಳ್ಳುವಳು. ಬರಬರುತ್ತಾ ತೋಟದ ಕಡೆ ಎಲೆ ಸರಕ್ಕೆಂದರೂ ನಾನೂ ಬಾಗಿಲ ಕಡೆ ತಿರುಗಿ ನೋಡುವಂತಾಯಿತು.

"ಏನಾದ್ರೂ ಸಾಕಕ್ಕೆ ತಂದ್ಕೊಡಣಮ್ಮ, ಮರೀತಾಳೆ," ಎಂದ ಮಗ ಅಂಬರೀಶ. ಚಿಂತಾಮಣಿಯಿಂದ ಬಿಳಿ ಮೊಲ ತಂದ. ಅವಳು ಮುಟ್ಟಲೇ ಇಲ್ಲ. ನಾಯಿಮರಿ ತಂದ. "ಬೇಡಪ್ಪ, ಇದು ನೆಲ ಕೆರೆಯುತ್ತೆ, ತಮ್ಮಂಗೆ ಎಚ್ಚರ ಆಗುತ್ತೆ," ಎಂದಳು. ಅಂಬರೀಶ ಮರಿಯನ್ನು ವಾಪಸ್ ಕೊಟ್ಟು ಬಂದ. ಕೋಳಿಯಂತೂ ಹುಳ ಸಾಕುವ ಮನೆಗೆ ಆಗದು, ಹುಳದ ತಟ್ಟೆಗೆ ನುಗ್ಗಿದರೆ ಬೆಳೆಯೆಲ್ಲಾ ಅದರ ಹೊಟ್ಟೆಗೆ.

ಒಂದು ಬೆಳಿಗ್ಗೆ ನಾನು ತಟ್ಟೆಯಲ್ಲಿ ಸೊರಗಿದ ಹುಳಗಳನ್ನು ಆರಿಸಿ ಸುಣ್ಣದ ಬೋಗುಣಿಗೆ ಹಾಕುತ್ತಿದ್ದೆ. ಒಂದರ ರೋಗ ಎಲ್ಲಕ್ಕೂ ಹತ್ತಬಾರದಲ್ಲ. ಮಿತ್ರ ಓಡಿ ಬಂದು ನನ್ನ ಬೆರಳಿಂದ ಒಂದನ್ನು ಕಿತ್ತುಕೊಂಡಳು.

"ನಾನು ಇದನ್ನೇ ಸಾಕ್ತೀನಿ!"

ಸ್ವೀಟಿನ ಡಬ್ಬದಲ್ಲಿಟ್ಟು, ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿದಳು. ಸಾಯುತ್ತೆ ಬಿಡು ಎಂದುಕೊಂಡಿದ್ದೆ. ಹಾಳಾದ್ದು, ಬದುಕಿತು. ಎಂಟು ದಿನಕ್ಕೆ ಗೂಡು ಕಟ್ಟಿತು. ಆರು ತಿಂಗಳ ಮೇಲೆ ಮೊದಲ ಸಲ ಮಗು ನಕ್ಕಿತು. "ಇದು ಎದ್ದ ದಿನವೇ ತಮ್ಮನೂ ಏಳ್ತಾನೆ, ಅಲ್ವಾ ಅಜ್ಜಿ?"

ನಲವತ್ತು ವರ್ಷ ಹುಳ ಸಾಕಿದ್ದೇನೆ, ಒಂದನ್ನೂ ಚಿಟ್ಟೆಯಾಗಲು ಬಿಟ್ಟವಳಲ್ಲ. ಗೂಡು ಬಲಿತ ಕೂಡಲೇ ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಿ ಕೈ ತೊಳೆದುಕೊಳ್ಳುವವರು ನಾವು. ಈ ಒಂದು ಹೊರಗೆ ಬಂದರೆ ಮಗು ಜೀವಮಾನವೆಲ್ಲಾ ಆ ಬಾಗಿಲಲ್ಲೇ ಕೂರುತ್ತದೆ. ಬರದಿದ್ದರೆ ತಾನಾಗಿ ಆಸೆ ಬಿಡುತ್ತದೆ. ಅವಳು ಸ್ಕೂಲಿಗೆ ಹೋದ ಮೇಲೆ ಗೂಡನ್ನು ತಾರಸಿಯ ಸುಡುಬಿಸಿಲಲ್ಲಿ ಇಟ್ಟೆ, ಬರುವಷ್ಟರಲ್ಲಿ ತಿರುಗಿ ಡಬ್ಬಕ್ಕೆ ಹಾಕಿದೆ. ಒಳಗಿನ ಜೀವ ಹೋಗಲು ಎರಡು ಮೂರು ದಿನದ ಬಿಸಿಲು ಸಾಕು.

ಮೂರನೆಯ ದಿನ ಶನಿವಾರ, ಅರ್ಧ ದಿನದ ಸ್ಕೂಲು. ನನಗೆ ನೆನಪೇ ಇರಲಿಲ್ಲ. ತಾರಸಿಯಲ್ಲಿ ಗೂಡು ಹೊರಳಿಸುತ್ತಿದ್ದವಳು ತಿರುಗಿ ನೋಡಿದರೆ ಮೆಟ್ಟಿಲ ಮೇಲೆ ಮಿತ್ರ, ಬೆನ್ನಿಗೆ ಬ್ಯಾಗು. ಬಂದು ಗೂಡನ್ನು ಎತ್ತಿಕೊಂಡು ಇಳಿದು ಹೋದಳು.

ಹದಿನೈದು ದಿನ ಡಬ್ಬದ ಮುಂದೆ ಕೂತಳು. ಆಮೇಲೊಂದು ಮಧ್ಯಾಹ್ನ ಬಂದು ಗೂಡನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಒಣಗಿದ ಹುಳ ಲೊಟಲೊಟ ಎಂದಿತು.

"ಇದು ಏಳಲ್ಲ, ಅಲ್ವಾ?"

"ಏಳಲ್ಲ ಕಣಮ್ಮ."

"ತಮ್ಮ?"

ಇನ್ನು ಸುಳ್ಳು ಸಾಕು ಅನ್ನಿಸಿತು. "ಅವನೂ ಏಳಲ್ಲ, ನನ್ ತಾಯಿ," ಎಂದು ಅತ್ತೆ.

ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು. "ಅವನನ್ನೂ ನೀನೇ ಬಿಸಿಲಲ್ಲಿ ಇಟ್ಟಿದ್ದಾ?"

ಇಲ್ಲ ಎಂದು ಎಷ್ಟು ಸಲ ಹೇಳಿದೆನೋ, ನಂಬಲಿಲ್ಲ. ಈಗ ಬಾಗಿಲು ಹಾಕಲು ಬಿಡುತ್ತಾಳೆ, ತಟ್ಟೆಯನ್ನೂ ಇಡುವುದಿಲ್ಲ. ಆದರೆ ನಾನು ಅಂಗಳಕ್ಕೆ ಕಾಲಿಟ್ಟರೆ ಸಾಕು, ಆಡುವುದನ್ನು ಬಿಟ್ಟು ನೆರಳಿಗೆ ಓಡುತ್ತಾಳೆ.