ಡ್ರೈವರ್ ಮಲಗ್ಯಾನ, ಗದ್ದಲ ಮಾಡಬ್ಯಾಡ್ರಿ

ಹಲಗೇರಿಯ ಗುಡ್ಡವ್ವನ ಹೆಂಗಸರ ಸಂಘದ ಟೂರು ಮೂರು ವರ್ಷದಿಂದ ಹೊರಡುತ್ತಲೇ ಇತ್ತು. ಒಂದು ವರ್ಷ ಸಂಘದ ಪ್ರೇಮವ್ವನ ಮನೆಯಲ್ಲಿ ಮದುವೆ ಬಂತು. ಇನ್ನೊಂದು ವರ್ಷ ಮಳೆ ಹಿಡಿಯಿತು. ಮತ್ತೊಂದು ವರ್ಷ ಗಾಡಿ ಸಿಗಲಿಲ್ಲ. "ಮುಂದಿನ ವರ್ಷ ಹೋಗೂಣು" ಎಂಬ ಮಾತು ಕೇಳುತ್ತಾ ಕೇಳುತ್ತಾ ಗುಡ್ಡವ್ವನಿಗೆ ಐವತ್ತಾರು ತುಂಬಿತು.

ಅವಳಿಗೆ ನೋಡಬೇಕಾಗಿದ್ದದ್ದು ಒಂದೇ. ತುಂಗಭದ್ರೆಯ ತವರುಮನೆ. ಆ ಹೊಳೆಯ ನೀರು ಕುಡಿದು ಬೆಳೆದವಳು ಅವಳು. ಗಳಗನಾಥದಲ್ಲಿ ಎಷ್ಟೋ ಸಲ ಅದರಲ್ಲಿ ಮಿಂದಿದ್ದಳು. ಆ ನೀರೆಲ್ಲ ಕುದುರೆಮುಖದ ದೊಡ್ಡ ಕಾಡಿನಿಂದ ಬರುತ್ತದೆ ಎಂದು ಸೊಸೆ ಶೀಲಾ ಫೋನಿನಲ್ಲಿ ಚಿತ್ರ ತೋರಿಸಿದ್ದಳು. ಒಂದರ ಬೆನ್ನಿಗೆ ಒಂದು ನಿಂತ ಹಸಿರು ಗುಡ್ಡಗಳು. ಅಂದಿನಿಂದ ಗುಡ್ಡವ್ವ ಒಂದೇ ಹಟ ಹಿಡಿದಿದ್ದಳು.

"ಹೆಸರಿಗೆ ಗುಡ್ಡವ್ವ. ನೋಡಿದ್ದು ಮಾತ್ರ ದೇವರಗುಡ್ಡ ಒಂದ," ಎಂದು ಗಂಡ ಮೈಲಪ್ಪ ನಗುತ್ತಿದ್ದ.

"ಈ ವರ್ಷ ನೋಡೇ ನೋಡ್ತೇನಿ. ನೀವು ಬಂದ್ರೂ ಅಷ್ಟ, ಬಿಟ್ರೂ ಅಷ್ಟ."

ಈ ಸಲ ಗಾಡಿಯ ಚಿಂತೆಯನ್ನು ಮೈಲಪ್ಪನೇ ಬಗೆಹರಿಸಿದ. ಮಗ ಮೈಲೇಶನ ಹತ್ತಿರ ಪಿಕಪ್ ಗಾಡಿ ಇತ್ತು. ಹಳ್ಳಿ ಹಳ್ಳಿ ತಿರುಗಿ ಮೆಣಸಿನಕಾಯಿ ಚೀಲ ತುಂಬಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವುದು ಅವನ ಕೆಲಸ.

"ಮಗನ ಗಾಡಿ ಮನಿ ಮುಂದ ನಿಂತಿರೂವಾಗ ಮಂದಿ ಗಾಡಿ ಯಾಕ ಬೇಕು? ಹಿಂದ ಹುಲ್ಲು ಹಾಸಿ, ಮ್ಯಾಲ ಜಮಖಾನಿ ಹಾಕಿದ್ರ ಆತು. ಬಿಸಲಿಗೆ ತಾಡಪತ್ರಿ ಕಟ್ಟೂಣು. ಗುರುವಾರ ಬ್ಯಾಡಗ್ಯಾಗ ಮಾಲು ಇಳಿಸಿ ಬರ್ತಾನ, ರಾತ್ರಿ ಹತ್ತಕ್ಕ ಬಿಟ್ರ ಬೆಳಕ ಹರಿಯೂದ್ರಾಗ ಗುಡ್ಡದಾಗ ಇರ್ತೀರಿ," ಎಂದ ಮೈಲಪ್ಪ.

ಗುಡ್ಡವ್ವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದೇ ಸಂಜೆ ಸಂಘದ ಹೆಂಗಸರಿಗೆಲ್ಲ ಹೇಳಿ ಬಂದಳು. ಶೀಲಾ, ಪ್ರೇಮವ್ವ, ಎಲ್ಲರೂ ಸೇರಿ ಒಂಬತ್ತು ಮಂದಿ. ನೋಡುವ ಜಾಗಗಳ ಪಟ್ಟಿಯೂ ಆಯಿತು: ಆಗುಂಬೆ, ಶೃಂಗೇರಿ, ಸಿರಿಮನೆ ಜಲಪಾತ, ಕುದುರೆಮುಖ, ಕಳಸ, ಹೊರನಾಡು. ಎಲ್ಲ ಒಂದೇ ದಿನದಲ್ಲಿ!

"ಸಮುದ್ರನೂ ಸೇರಿಸವಾ, ಅಲ್ಲೇ ಎಲ್ಲೋ ಹತ್ರ ಐತಂತ," ಎಂದಳು ಪ್ರೇಮವ್ವ.

ಸುದ್ದಿ ಪಕ್ಕದ ಮನೆಯ ಇಸ್ಮಾಯಿಲಸಾಬನ ಕಿವಿಗೂ ಬಿತ್ತು. ಇಸ್ಮಾಯಿಲಸಾಬ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಮರುದಿನ ಮುಂಜಾನೆ ಗುಡ್ಡವ್ವ ಅಂಗಳ ಗುಡಿಸುವಾಗ ಅವನು ತನ್ನ ಕಟ್ಟೆಯ ಮೇಲಿಂದಲೇ ಮಾತು ತೆಗೆದ.

"ತಂಗಿ, ಎರಡು ಮಾತು ಕೇಳ್ತೇನಿ. ಸಿಟ್ಟಿಗೇಳಬ್ಯಾಡ."

"ಕೇಳಣ್ಣ."

"ಗಾಡಿ ಹಿಂದ ಕುಂತಾವ್ರು ಏನು ಹಿಡಕೊಂಡು ಕುಂದರ್ತೀರಿ? ಇನ್ನೊಂದು, ಗಾಡಿ ಹೊಡಿಯೂ ನಿನ್ನ ಮಗ ಯಾವಾಗ ಮಲಗ್ತಾನ?"

ಗುಡ್ಡವ್ವನ ಕೈಯಲ್ಲಿದ್ದ ಕಸಬರಿಗೆ ನಿಂತಿತು. "ಮೂರು ವರ್ಷದಿಂದ ಒಬ್ಬರಲ್ಲ ಒಬ್ಬರು ಅಡ್ಡ ಬರಾಕತ್ತೀರಿ. ನೀ ಒಬ್ಬನ ಉಳದಿದ್ದಿ ನೋಡಣ್ಣ."

"ಹೋಗಬ್ಯಾಡ ಅಂದೆನೇನು? ಹೋಗು ಅಂತನ ಹೇಳಾಕತ್ತೇನಿ. ತಿರುಗಿ ಬರೂಹಂಗ ಹೋಗು ಅಂತೇನಿ, ಅಷ್ಟ. ಆ ಘಾಟಿನ್ಯಾಗ ಒಂಬತ್ತು ವರ್ಷ ಬಸ್ ಹೊಡದೇನಿ. ಒಂದು ತಿರುವು ಮುಗಿಯೂದ್ರಾಗ ಇನ್ನೊಂದು ಬರತೈತಿ. ಮಂಜು ಬಿತ್ತಂದ್ರ ಮುಂದಿನ ಗಾಡಿ ಕಾಣಂಗಿಲ್ಲ. ರಾತ್ರ್ಯಾಗ ಕಾಡುಕೋಣ ಬಂದು ನಡು ರಸ್ತೆದಾಗ ನಿಂದರ್ತಾವ. ಅದು ಹೋಗಲಿ, ಚೀಲ ಹೊರೂ ಗಾಡ್ಯಾಗ ಮಂದಿ ಕುಂದ್ರಸೂದು ಕಾಯ್ದೆ ಪ್ರಕಾರನೂ ತಪ್ಪು. ನಾಳೆ ಏನರ ಆದ್ರ ವಿಮಾ ಕಂಪನ್ಯಾವ್ರು ಕೈ ಎತ್ತಿ ಬಿಡ್ತಾರ."

"ಆಯ್ತಣ್ಣ, ಕೆಲಸ ಐತಿ," ಎಂದು ಗುಡ್ಡವ್ವ ಒಳಗೆ ಹೋದಳು. ಬಾಗಿಲು ತುಸು ಜೋರಾಗಿಯೇ ಬಿತ್ತು.

ಅದು ಬುಧವಾರ. ಮಧ್ಯಾಹ್ನ ಮೈಲೇಶ ಊಟಕ್ಕೆ ಬಂದ. ಮೆಣಸಿನಕಾಯಿ ಸೀಸನ್ನಿನಲ್ಲಿ ಅವನಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಶೀಲಾ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವನು ಒಂದು ತುತ್ತು ಉಂಡ. ಇನ್ನೊಂದು ಮುರಿದುಕೊಂಡ. ಆಮೇಲೆ ಅವನ ಕೈ ಹಾಗೆಯೇ ನಿಂತಿತು. ಬೆರಳಲ್ಲಿ ರೊಟ್ಟಿಯ ಚೂರು, ಬಾಯಿ ಅರ್ಧ ತೆರೆದಿದೆ, ಕಣ್ಣು ಮುಚ್ಚಿದೆ. ಅವನ ಎರಡು ವರ್ಷದ ಮಗಳು ಮೆಲ್ಲಗೆ ಬಂದು ಅಪ್ಪನ ಕೈಯಿಂದ ಆ ರೊಟ್ಟಿ ಕಿತ್ತುಕೊಂಡು ಕೇಕೆ ಹಾಕಿದಳು.

"ಮೈಲೇಶಾ!" ಎಂದಳು ಗುಡ್ಡವ್ವ.

ಅವನು ಬೆಚ್ಚಿ ಕಣ್ಣು ಬಿಟ್ಟ. "ಎಚ್ಚರ ಅದೇನಿ ಅವ್ವಾ," ಎಂದ.

ಎಲ್ಲರೂ ನಕ್ಕರು. ಗುಡ್ಡವ್ವ ಮಾತ್ರ ನಗಲಿಲ್ಲ. ಮಗ ಸುಳ್ಳು ಹೇಳಿರಲಿಲ್ಲ. ತಾನು ಎಚ್ಚರವಿದ್ದೇನೆ ಎಂದೇ ಅವನು ತಿಳಿದಿದ್ದ. ಇದೇ ಕೈ ನಾಳೆ ರಾತ್ರಿ ಸ್ಟಿಯರಿಂಗ್ ಮೇಲೆ ಇರುತ್ತದೆ. ಹಿಂದೆ ಈ ಕೂಸೂ ಇರುತ್ತದೆ.

ಊಟ ಮುಗಿಸಿ ಮೈಲೇಶ ಮನೆ ಮುಂದೆ ಚೀಲ ಕಟ್ಟಲು ನಿಂತ. ಗುಡ್ಡವ್ವ ಹೊಸ್ತಿಲಲ್ಲಿ ಕುಳಿತು ನೋಡಿದಳು. ಎಷ್ಟೋ ಸಲ ನೋಡಿದ್ದೇ. ಆದರೂ ಇವತ್ತು ಬೇರೆಯಾಗಿ ಕಂಡಿತು. ಅವನು ಹಗ್ಗವನ್ನು ಅಡ್ಡ ಎಳೆದ, ಉದ್ದ ಎಳೆದ, ಕಾಲು ಕೊಟ್ಟು ಜಗ್ಗಿ ಗಂಟು ಹಾಕಿದ. ಆಮೇಲೆ ಒಂದೊಂದು ಚೀಲವನ್ನೂ ಅಲುಗಾಡಿಸಿ ನೋಡಿದ.

"ಬ್ಯಾಡಗಿ ದಾರಿ ಚಲೋನ ಐತೆಲ್ಲೋ. ಇಷ್ಟ್ಯಾಕ ಬಿಗೀತಿ?"

"ತಿರುವಿನ್ಯಾಗ ಒಂದು ಚೀಲ ಜಾರಿದ್ರ ಉಳಿದಾವೂ ಅದರ ಬೆನ್ನ ಹತ್ತತಾವವಾ. ಭಾರ ಒಂದ ಕಡೆ ಬಿತ್ತಂದ್ರ ಗಾಡೀನ ಮಗಚತೈತಿ."

"ಹಂಗಾರ ನಮ್ಮನ್ನ ಯಾವ ಹಗ್ಗಲೇ ಕಟ್ಟತೀಪಾ?"

ಮೈಲೇಶನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. ಅವನು ತಾಯಿಯ ಮುಖ ನೋಡಿದ, ಗಾಡಿಯನ್ನು ನೋಡಿದ.

ಕಟ್ಟೆಯ ಮೇಲಿದ್ದ ಮೈಲಪ್ಪ ಸಿಟ್ಟಿಗೆದ್ದ. "ಆ ಇಸ್ಮಾಯಿಲ ನಿನ್ನ ತಲಿ ಕೆಡಿಸ್ಯಾನ. ಮದವಿಗೆ, ಸೀಮಂತಕ್ಕ ಎಲ್ಲಾರೂ ಹಿಂಗ ಹೋಗ್ತಾರ. ಯಾರಿಗೆ ಏನಾಗೇತಿ?"

"ಏನೂ ಆಗದಾವ್ರು ಮನ್ಯಾಗ ಕುಂತು ಹಂಗಂತಾರ. ಆದಾವ್ರು ಎದ್ದು ಬಂದು ಹೇಳ್ತಾರೇನ್ರಿ?"

ಮೈಲಪ್ಪ ಟವೆಲ್ ಝಾಡಿಸಿ ಹೆಗಲಿಗೆ ಹಾಕಿದ. "ಹಂಗಾದ್ರ ಟೂರು ರದ್ದು ಅನ್ನು," ಎಂದ.

"ರದ್ದಲ್ಲ. ಒಂದು ವಾರ ಮುಂದ. ಗುಡ್ಡ ಎಲ್ಲೂ ಓಡಿ ಹೋಗಂಗಿಲ್ಲ." ಹೀಗೆಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಸ್ಮಾಯಿಲಸಾಬನ ಕಟ್ಟೆಗೆ ನಡೆದಳು. "ಅಣ್ಣಾ, ಮುಂಜಾನೆ ಬಾಗಲಾ ಜೋರ ಹಾಕಿದ್ದು ಮರತಬಿಡು. ಹೆಂಗ ಹೋಗಬೇಕು ಹೇಳು."

"ಬಾಗಲಾ ನಿಂದು ತಂಗಿ, ಮುರದ್ರ ನಿಂದ ಲುಕ್ಸಾನು. ಕುಂದ್ರು," ಎಂದು ಇಸ್ಮಾಯಿಲಸಾಬ ನಕ್ಕ.

ಆ ಸಂಜೆ ಒಂಬತ್ತು ಹೆಂಗಸರೂ ಅವನ ಕಟ್ಟೆಯ ಮೇಲೆ ಸೇರಿದರು. ಇಸ್ಮಾಯಿಲಸಾಬ ಮೊದಲು ಪಟ್ಟಿಗೆ ಕತ್ತರಿ ಹಾಕಿಸಿದ. ಆರು ಜಾಗ ಒಂದು ದಿನದಲ್ಲಿ ನೋಡಲು ಹೊರಟರೆ ಗಾಡಿಯ ಕಿಟಕಿ ಬಿಟ್ಟು ಬೇರೇನೂ ನೋಡಲಾಗದು ಎಂದ. ಮೂರು ಜಾಗ ಉಳಿದವು. ಮೊದಲ ದಿನ ಸಂಜೆ ಆಗುಂಬೆ, ಶೃಂಗೇರಿಯಲ್ಲಿ ವಸ್ತಿ. ಎರಡನೆಯ ದಿನ ಕುದುರೆಮುಖದ ಕಾಡು. ಮೂರನೆಯ ದಿನ ಊರು.

"ಸಮುದ್ರ?" ಎಂದಳು ಪ್ರೇಮವ್ವ.

"ಸಮುದ್ರ ಮುಂದಿನ ವರ್ಷ. ಹೋಗಲಿ, ಒಲಿ ಸಾಮಾನರ ಬಿಟ್ಟು ಹೋಗು ಅಂದ್ರ ಬಿಡ್ತೀಯೋ ಇಲ್ಲೋ?" ಎಂದ ಇಸ್ಮಾಯಿಲಸಾಬ. ಪ್ರೇಮವ್ವ ಕಾಡಿನಲ್ಲಿ ಒಲೆ ಹೂಡಿ ಅನ್ನ ಮಾಡುವುದೆಂದು ದೊಡ್ಡ ಪಾತ್ರೆಯನ್ನೇ ತೆಗೆದಿಟ್ಟಿದ್ದಳು. "ಈಗ ಗುಡ್ಡದಾಗ ಹುಲ್ಲು ಒಣಗಿರತೈತಿ. ಒಂದು ಕಿಡಿ ಸಾಕು. ರೊಟ್ಟಿ, ಶೇಂಗಾ ಚಟ್ನಿ ಕಟಕೊಂಡು ಹೋಗ್ರಿ. ಮಂಗ್ಯಾಗೋಳಿಗೆ ಒಂದು ಚೂರೂ ಹಾಕಬ್ಯಾಡ್ರಿ. ಒಯ್ದ ಕಸ ಹಂಗ ತಿರುಗಿ ತರ್ರಿ."

ಶೀಲಾ ಅಲ್ಲಿಯೇ ಕುಳಿತು ಅರಣ್ಯ ಇಲಾಖೆಯ ಕಚೇರಿಗೆ ಫೋನು ಹಚ್ಚಿದಳು. ಗೇಟು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಎಲ್ಲಿ ಇಳಿಯಬಹುದು, ಎಲ್ಲಿ ಕೂಡದು, ಎಲ್ಲ ಕೇಳಿ ಬರೆದುಕೊಂಡಳು. ಹೊಳೆ ಹುಟ್ಟುವ ಜಾಗದವರೆಗೆ ಈಗ ಬಿಡುವುದಿಲ್ಲ ಎಂಬ ಉತ್ತರ ಬಂತು. ಶೀಲಾ ಅತ್ತೆಯ ಮುಖ ನೋಡಿದಳು.

ಗುಡ್ಡವ್ವ ಸೊಸೆಯ ಬೆನ್ನು ತಟ್ಟಿದಳು. "ಬಾಗಲ ತನಕ ಬಿಟ್ರ ಸಾಕು. ಇಲ್ಲೇ ಗೊತ್ತಾಗಿದ್ದು ಚಲೋ ಆತು. ಅಲ್ಲಿ ಹೋಗಿ ಜಗಳಾಡೂದು ತಪ್ಪಿತು," ಎಂದಳು.

ರಾಣೆಬೆನ್ನೂರಿನ ಜಾಕೀರನ ಹದಿಮೂರು ಸೀಟಿನ ಟೆಂಪೊ ಗೊತ್ತುಮಾಡಿದರು. ಪ್ರತಿ ಸೀಟಿಗೂ ಬೆಲ್ಟು ಇದೆಯೇ ಎಂದು ಜೊತೆಗೆ ಹೊರಟಿದ್ದ ಮೈಲೇಶ ತಾನೇ ಹೋಗಿ ನೋಡಿ ಬಂದ. ಮುಂದಿನ ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಡುವುದೆಂದಾಯಿತು. ಮೈಲಪ್ಪ "ನಾ ಬರಂಗಿಲ್ಲ" ಎಂದು ನಾಲ್ಕು ದಿನ ಹೇಳಿ, ಐದನೆಯ ದಿನ ಹೊಸ ಧೋತರ ಇಸ್ತ್ರಿಗೆ ಕೊಟ್ಟ.

ಶುಕ್ರವಾರ ಬಂತು. ಆರಕ್ಕೆ ಸರಿಯಾಗಿ ಟೆಂಪೊ ಬಂದು ನಿಂತಿತು. ಹೆಂಗಸರು ಚೀಲ ಹಿಡಿದು ಓಡಿ ಬಂದರು. ಗುಡ್ಡವ್ವ ಮಾತ್ರ ಹತ್ತಲಿಲ್ಲ. ಡ್ರೈವರನ ಬಾಗಿಲಿಗೆ ಹೋಗಿ ಜಾಕೀರನ ಕಣ್ಣು ನೋಡಿದಳು. ಕೆಂಪಗೆ ಮೆಣಸಿನಕಾಯಿಯಂತೆ ಇದ್ದವು.

"ತಮ್ಮಾ, ನಿನ್ನೆ ಎಲ್ಲಿ ಬಾಡಿಗಿ ಹೋಗಿದ್ದೆ?"

"ಹುಬ್ಬಳ್ಳಿಗೆ ಹೋಗಿದ್ದೆರಿ ಅಕ್ಕಾರ."

"ಬಂದದ್ದು ಯಾವಾಗ?"

ಜಾಕೀರ ತಲೆ ಕೆರೆದುಕೊಂಡ. "ನಾಲ್ಕಾಗಿತ್ರಿ. ಏನೂ ಚಿಂತಿ ಮಾಡಬ್ಯಾಡ್ರಿ, ಎಚ್ಚರ ಅದೇನಿ."

ಎಚ್ಚರ ಅದೇನಿ. ಗುಡ್ಡವ್ವನ ಕಣ್ಣ ಮುಂದೆ ರೊಟ್ಟಿ ಹಿಡಿದು ನಿಂತ ಕೈ ಬಂತು.

"ಕೆಳಗ ಇಳಿ."

"ಅಕ್ಕಾರ?"

"ಇಳಿ ಅಂದ್ನಿ. ನಮ್ಮ ಪಡಸಾಲ್ಯಾಗ ಚಾಪಿ ಹಾಸ್ತೇನಿ. ಮಲಗು. ಐದು ತಾಸು ಆದ ಮ್ಯಾಲೆ ಎಬ್ಬಸ್ತೇನಿ."

ಹೆಂಗಸರಲ್ಲಿ ಗುಲ್ಲೆದ್ದಿತು. "ಐದು ತಾಸು! ಆಗುಂಬಿಯೊಳಗ ಸೂರ್ಯಾ ನಮಗಾಗಿ ಕಾಯ್ತಾನೇನು?" ಎಂದಳು ಪ್ರೇಮವ್ವ. ಇನ್ನೊಬ್ಬಳು, "ಹಿಂಗಾದ್ರ ಈ ವರ್ಷನೂ ಹೋದಂಗ!" ಎಂದಳು. ಆ ಮಾತು ಗುಡ್ಡವ್ವನಿಗೆ ಚುಚ್ಚಿತು. ಅವಳಷ್ಟು ಕಾದವರು ಅಲ್ಲಿ ಯಾರೂ ಇರಲಿಲ್ಲ.

"ಆಗುಂಬಿ ಬಿಡೂಣು. ಮೂರು ವರ್ಷ ಕಾದೇನಿ. ಐದು ತಾಸು ನನಗ ದೊಡ್ಡದಲ್ಲ. ಅವಸರ ಇದ್ದಾವ್ರು ಮನಿಗೆ ಹೋಗ್ರಿ," ಎಂದಳು.

ಯಾರೂ ಹೋಗಲಿಲ್ಲ. ಜಾಕೀರ ನಾಚುತ್ತಾ ಒಳಗೆ ಹೋಗಿ ಚಾಪೆಯ ಮೇಲೆ ಉರುಳಿದ. ಐದು ನಿಮಿಷದಲ್ಲಿ ಅವನ ಗೊರಕೆ ಬೀದಿಗೆ ಕೇಳಿಸಿತು. ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕುಳಿತು, ದಾರಿಗೆಂದು ಕಟ್ಟಿದ್ದ ರೊಟ್ಟಿಯ ಗಂಟನ್ನು ಅಲ್ಲಿಯೇ ಬಿಚ್ಚಿದರು. ಮಾತು ಏರಿತು, ನಗು ಏರಿತು.

ಆಗ ಮೈಲಪ್ಪ ಎದ್ದು ನಿಂತ. ಇಸ್ತ್ರಿ ಮಾಡಿದ ಧೋತರ ಸರಿಪಡಿಸಿಕೊಂಡು, ತುಟಿಯ ಮೇಲೆ ಬೆರಳಿಟ್ಟು ಗದರಿದ.

"ಏ, ಸುಮ್ಮನ ಕುಂದರ್ರಿ! ಡ್ರೈವರ್ ಮಲಗ್ಯಾನ, ಗದ್ದಲ ಮಾಡಬ್ಯಾಡ್ರಿ!"

ಗುಡ್ಡವ್ವ ಗಂಡನ ಕಡೆ ನೋಡಿದಳು. ಅವನು ಇಸ್ಮಾಯಿಲಸಾಬನ ಮನೆಯ ಕಡೆ ನೋಡಿದ. ಅಲ್ಲಿ ಇಸ್ಮಾಯಿಲಸಾಬ ಚಹಾ ಕಪ್ಪಿನ ಮರೆಯಲ್ಲಿ ನಗುತ್ತಿದ್ದ.

ಹನ್ನೊಂದೂವರೆಗೆ ಗಾಡಿ ಬಿಟ್ಟಿತು. ಎಲ್ಲರೂ ಬೆಲ್ಟು ಹಾಕಿಕೊಂಡರು. ಮೈಲೇಶ ಹಿಂದಿನ ಸೀಟಿನಲ್ಲಿ ಕುಳಿತವನು ಹರಿಹರ ದಾಟುವುದರೊಳಗೆ ನಿದ್ದೆಹೋದ. ಈ ಸಲ ಯಾರೂ ಅವನನ್ನು ಎಬ್ಬಿಸಲಿಲ್ಲ. ಆಗುಂಬೆಯ ದಾರಿ ಬಿಟ್ಟು, ಕತ್ತಲಾಗುವ ಮೊದಲೇ ಶೃಂಗೇರಿ ಮುಟ್ಟಿದರು.

ಮರುದಿನ ಬೆಳಿಗ್ಗೆ ಕಾಡಿನ ಗೇಟು ದಾಟಿದರು. ಒಂದರ ಬೆನ್ನಿಗೆ ಒಂದು ಗುಡ್ಡ. ಫೋನಿನಲ್ಲಿ ಕಂಡದ್ದಕ್ಕಿಂತ ದೊಡ್ಡವು. ಪ್ರೇಮವ್ವನೂ ಬಾಯಿ ಮುಚ್ಚಿ ಕುಳಿತಳು. ಇಳಿಯಲು ಬಿಡುವ ಒಂದು ಜಾಗದಲ್ಲಿ ಸಣ್ಣ ಹಳ್ಳವೊಂದು ಕಲ್ಲುಗಳ ನಡುವೆ ಹರಿಯುತ್ತಿತ್ತು. "ಇದೇ ಭದ್ರಾ," ಎಂದ ಅರಣ್ಯ ಕಾವಲುಗಾರ.

ಗುಡ್ಡವ್ವ ಬಗ್ಗಿ ನೋಡಿದಳು. ಗಳಗನಾಥದಲ್ಲಿ ಆಚೆ ದಡದ ಮನುಷ್ಯನ ಗುರುತು ಸಿಗದಷ್ಟು ಅಗಲದ ಹೊಳೆ ಇಲ್ಲಿ ಮೊಣಕಾಲಿನಷ್ಟು ನೀರಾಗಿತ್ತು.

"ಇಷ್ಟ ಸಣ್ಣಾಕಿ ಇದ್ದ್ಯಾ ನನ್ನವ್ವಾ?" ಎಂದಳು. ಮೊಮ್ಮಗಳ ಕೈ ಹಿಡಿದು ನೀರಿಗೆ ಮುಟ್ಟಿಸಿದಳು. "ನೋಡವಾ, ನಮ್ಮೂರಿಗೆ ಬರೂ ನೀರು ಇದ. ಅದೂ ಅವಸರ ಮಾಡಂಗಿಲ್ಲ, ಆದರೂ ಬಂದು ಮುಟ್ಟತೈತಿ."

ಭಾನುವಾರ ಸಂಜೆ ಬೆಳಕಿರುವಾಗಲೇ ಟೆಂಪೊ ಹಲಗೇರಿಗೆ ತಿರುಗಿ ಬಂತು. ಗುಡ್ಡವ್ವ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸಿ ಇಳಿಸಿದಳು. ಒಂಬತ್ತು ಮಂದಿ ಹೆಂಗಸರು ಹೋಗಿದ್ದರು, ಒಂಬತ್ತು ಮಂದಿ ಇಳಿದರು.

ಅವ್ವಂದಿರೇ, ಅಣ್ಣಂದಿರೇ, ನೀವೂ ಗುಡ್ಡ ನೋಡಲು ಹೋಗಿ. ಕಾಡು ನೋಡಿ, ಹೊಳೆಯ ತವರು ನೋಡಿ. ಹೋಗುವ ಮೊದಲು ಅರಣ್ಯ ಇಲಾಖೆಗೆ ಒಂದು ಫೋನು ಮಾಡಿ. ನೋಡುವ ಜಾಗ ಕಡಿಮೆ ಇಟ್ಟುಕೊಳ್ಳಿ, ಹಗಲಿನಲ್ಲಿ ಪ್ರಯಾಣ ಮಾಡಿ. ಗಾಡಿ ಹತ್ತುವ ಮೊದಲು ಇಸ್ಮಾಯಿಲಸಾಬ ಗುಡ್ಡವ್ವನಿಗೆ ಕೇಳಿದ ಎರಡು ಮಾತನ್ನು ನೀವೂ ಕೇಳಿ. ಚೀಲಕ್ಕಾದರೆ ಹಗ್ಗವಿದೆ, ನಮ್ಮನ್ನು ಹಿಡಿದಿಡಲು ಏನಿದೆ? ಗಾಡಿ ಓಡಿಸುವವನು ಯಾವಾಗ ಮಲಗಿದ್ದ? ಸರಿಯಾದ ಉತ್ತರ ಸಿಗದಿದ್ದರೆ ನಾಚಬೇಡಿ, ಹೆದರಬೇಡಿ. ನಿಮ್ಮ ಮನೆಯಲ್ಲಿಯೂ ಒಂದು ಚಾಪೆ ಇದ್ದೇ ಇರುತ್ತದೆ. ಅದನ್ನು ಹಾಸಿ.