ನಾಳೆ ಹೇಳ್ತೇನ್ರಿ ಮಾಸ್ತರ

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದವರನ್ನು ಸರಿಸಿಕೊಂಡು ರೊಟ್ಟಿ ಮಾರುವ ನಾಗವ್ವ ಒಳಗೆ ಬಂದಳು. ಕೈಯಲ್ಲಿ ಮಡಚಿದ ಹಾಳೆಯಿತ್ತು.

"ಚೂರು ತಡೀರಿ. ಮಾಸ್ತರಿಗೆ ಒಂದು ಮಾತು ಹೇಳೂದೈತಿ."

"ಇನ್ನೇನ್ ಹೇಳ್ತೀ ನಾಗವ್ವ, ಕೇಳೋರ ಹೋದ್ರಲ್ಲ," ಎಂದರು ನೆರೆಮನೆಯ ರಾಘಣ್ಣ.

ಹಾನಗಲ್ಲಿನ ಆ ಮನೆಯಲ್ಲಿ ಹತ್ತು ಮಂದಿಯೂ ಸೇರಿರಲಿಲ್ಲ. ಮದುವೆಯಾಗದ ವಿಜಯೀಂದ್ರ ಮಾಸ್ತರರಿಗೆ ಸವಣೂರಿನಿಂದ ಬಂದ ಅಕ್ಕನ ಮಗ ಕೌಸ್ತುಭನೊಬ್ಬನೇ ಸ್ವಂತದವನು. ಹೆಂಗಸರು ಸುಡುಗಾಡಿಗೆ ಹೋಗುವಂತಿಲ್ಲ. ಹೇಳುವುದಿದ್ದರೆ ಹೊಸ್ತಿಲೊಳಗೇ ಹೇಳಬೇಕು.

* * *

ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿಸಿ ನಿವೃತ್ತರಾದ ಮಾಸ್ತರರು ದಿನಾ ಸಂಜೆ ಕೊಡೆ ಹಿಡಿದು ನಾಗವ್ವನ ಒಲೆಯ ಮುಂದೆ ಬಂದು ಕೂರುತ್ತಿದ್ದರು. ಎರಡು ರೊಟ್ಟಿ ಕಟ್ಟಿಸಿಕೊಳ್ಳುವುದರೊಳಗೆ ಒಂದು ಪರೀಕ್ಷೆಯನ್ನೂ ಇಡುತ್ತಾರೆಂದು ಓಣಿಯವರು ನಗುತ್ತಿದ್ದರು.

"ಎಲ್ಲಾರೂ ಒಬ್ಬರ ಹಾದಿ ಕಾಯಾಕತ್ತಾರ. ಈ ಮಾತು ಯಾವ ಚಿತ್ರಕ್ಕ ಹೊಂದ್ತದ, ಹೇಳು," ಎಂದು ತಾವೇ ಎರಡು ಚಿತ್ರ ಬರೆದ ಹಾಳೆಯನ್ನು ಅವಳ ಕೈಗಿಡುವರು.

ಒಂದು ಚಿತ್ರದಲ್ಲಿ ಎಲ್ಲರೂ ಒಬ್ಬನನ್ನೇ ಕಾಯುತ್ತಿರುವರು. ಇನ್ನೊಂದರಲ್ಲಿ ಒಬ್ಬೊಬ್ಬರು ಒಬ್ಬೊಬ್ಬರನ್ನು. 'ಒಬ್ಬ', 'ಒಂದು' ಎಂಬ ಮಾತು ವಾಕ್ಯದೊಳಗೆ ಎಲ್ಲಿಯವರೆಗೆ ಕೈಚಾಚುತ್ತದೆ ಎಂದು ಅವರು ಪುಸ್ತಕ ಬರೆಯುತ್ತಿದ್ದರಂತೆ. ಅದಕ್ಕೆ ಶಾಲೆಯ ಮುಖ ನೋಡದ ನಾಗವ್ವನ ಕಿವಿಯನ್ನೇ ನಂಬಿದ್ದರು.

ನಾಗವ್ವನಿಗೆ ಉತ್ತರ ಕೂಡಲೇ ಹೊಳೆಯುತ್ತಿತ್ತು. ಹೇಳಿದರೆ ಎದ್ದು ಹೋಗುತ್ತಾರೆ, ಮತ್ತೆ ಬರಲಿಕ್ಕಿಲ್ಲ. ಗಂಡ ತೀರಿದ ಮೇಲೆ ಅವಳ ಮಾತಿಗಾಗಿ ಕಾದು ಕೂತವರು ಅವರೊಬ್ಬರೇ.

"ವಿಚಾರ ಮಾಡಿ ನಾಳೆ ಹೇಳ್ತೇನ್ರಿ ಮಾಸ್ತರ," ಎನ್ನುವಳು. ಮರುದಿನ ಅವರು ತಪ್ಪದೆ ಬರುವರು.

* * *

"ನನ್ನಿಂದ ಅವರ ಪುಸ್ತಕ ಅರ್ಧಕ್ಕ ನಿಂತು ಹೋತ್ರಿ. ಗೊತ್ತಿದ್ದೂ ಹೇಳಲಿಲ್ಲ ನಾ," ಎಂದು ನಾಗವ್ವ ಅತ್ತುಬಿಟ್ಟಳು.

ಕೌಸ್ತುಭ ಹಾಳೆ ಬಿಡಿಸಿ ನೋಡಿ ಮಡಚಿ ಕೊಟ್ಟ. ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದು ಅವಳ ಕೈಗಿತ್ತ.

"ಅರ್ಧಕ್ಕ ನಿಂತಿಲ್ರಿ ನಾಗವ್ವಾರ. ಇದು ಅಚ್ಚಾಗಿ ಆರು ವರ್ಷ ಆತು. ಆಮ್ಯಾಲ ಮಾಮಾ ಒಂದು ಸಾಲೂ ಬರದಿಲ್ಲ."

ನಾಗವ್ವ ಅಳು ನಿಲ್ಲಿಸಿದಳು.

"ಮತ್ತ ಮೊನ್ನೆನೂ ಬಂದು ಕೇಳಿದ್ರಲ್ರಿ?"

ರಾಘಣ್ಣ ಕಣ್ಣು ತಪ್ಪಿಸಿ ಚಟ್ಟಕ್ಕೆ ಹೆಗಲು ಕೊಟ್ಟರು. ನಾಲ್ಕು ಜನ ಎತ್ತಿದರು. ಓಣಿಯ ತಿರುವಿನಲ್ಲಿ ಕಾಣದಾದರು.

ನಾಗವ್ವ ಹೊಸ್ತಿಲಲ್ಲಿ ನಿಂತು ಹಾಳೆ ಬಿಡಿಸಿದಳು. ಇಷ್ಟು ದಿನ ತಲೆ ಎಣಿಸಿದ್ದಳೇ ಹೊರತು ಮುಖ ನೋಡಿರಲಿಲ್ಲ. ಎರಡನೆಯ ಚಿತ್ರದಲ್ಲಿ ನಾಲ್ವರು ನಾಲ್ಕು ಕಡೆ ಕಾಯುತ್ತಿದ್ದರು. ಅವರಲ್ಲೊಬ್ಬನ ಕಂಕುಳಲ್ಲಿ ಕೊಡೆಯಿತ್ತು. ಅವನ ಎದುರಿಗೆ ಒಂದು ಒಲೆ, ಒಲೆಯ ಮೇಲೆ ಹಂಚು, ಹಂಚಿನ ಮುಂದೆ ಸೆರಗು ಹೊದ್ದು ಕೂತ ಹೆಂಗಸು.