ಕಡ್ಡಿಯೂ ಗುಡ್ಡವೂ

ಆ ಬೇಸಿಗೆ ಶಿರಾ ಕೆರೆಗೆ ನೀರು ಬರಲಿಲ್ಲ, ವಿಮಾನ ಬಂತು. ಓಡಿಸುತ್ತಿದ್ದವನು ನನ್ನ ಕಾಲೇಜು ಗೆಳೆಯ ಶಂಕರಲಿಂಗಪ್ಪ. ಮಧುಗಿರಿ ಬೆಟ್ಟ ಸುತ್ತಿಸಿಕೊಂಡು ಬರುತ್ತೇನೆಂದು ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿ ತಾನು ಹಿಂದೆ ಕೂತ. ಎರಡು ಸೀಟಿಗೂ ನೆಲದಿಂದೆದ್ದ ಒಂದೊಂದು ಕಡ್ಡಿ. ಒಂದು ಆಡಿದರೆ ಇನ್ನೊಂದೂ ಆಡುತ್ತದೆ. ಹಿಂದಕ್ಕೆಳೆದರೆ ವಿಮಾನದ ಮೂತಿ ಮೇಲೆ, ಮುಂದಕ್ಕೆ ನೂಕಿದರೆ ಕೆಳಗೆ.

ಮೆಕ್ಯಾನಿಕ್ ಇನಾಯತುಲ್ಲಾ ಶಿರಾದವನೇ, ಗಾಡಿಚಕ್ರದಿಂದ ವಿಮಾನಕ್ಕೆ ಬಡ್ತಿ ಪಡೆದವನು.

"ಆ ಕಡ್ಡಿ ತಾವ ಏನೂ ಇಡಬ್ಯಾಡಿ ಸ್ವಾಮಿ" ಎಂದ.

ಅದನ್ನೇ ಅವನ ದನಿಯಲ್ಲಿ ಅಂದು ಸುತ್ತಲಿನವರನ್ನು ನಗಿಸಿದೆ. ಅವನೂ ನಕ್ಕು, ವಿಮಾನದ ಮೂತಿಯ ಪಂಖ ತಿರುಗಿಸಲು ಹೋದ. ಅಷ್ಟರಲ್ಲಿ ನಮ್ಮತ್ತೆ ಹೊನ್ನಕ್ಕ ಓಡಿಬಂದು, "ಮ್ಯಾಲೆ ಚಳಿ ಕಣ್ಲಾ, ಒದ್ಕಂಡು ಕುಂತ್ಕ!" ಎಂದು ನನ್ನ ತೊಡೆಗೆ ಕಂಬಳಿ ಎಸೆದಳು.

ಮೇಲೇರಿದ ಸ್ವಲ್ಪ ಹೊತ್ತಿಗೆ ಮಧುಗಿರಿಯ ಬಂಡೆ ಎದುರಿಗೆ ಬೆಳೆಯುತ್ತ ಬಂತು. ಎರಡು ಸೀಟಿನ ನಡುವಿನ ಮಾತಾಡುವ ಕೊಳವೆಯಲ್ಲಿ ಶಂಕರ ಕಿರುಚಿದ:

"ಲೇ, ಕಡ್ಡಿ ಹಿಂದಕ್ಕೇ ಬರ್ತಿಲ್ಲ ಕಣೋ! ಆ ಇನಾಯತುಲ್ಲಾ ಏನೋ ಕೆಡಿಸಿದಾನೆ. ಬದುಕಿದ್ರೆ ಇವತ್ತೇ ಅವನ ಕೆಲಸ ತೆಗೀತೀನಿ!"

ಕಡ್ಡಿಯನ್ನು ಗುಡ್ಡ ಮಾಡುವವರನ್ನು ಕಂಡಿದ್ದೆ. ಕಡ್ಡಿಯಿಂದ ಗುಡ್ಡಕ್ಕೇ ಬಡಿಯುವವನು ನಾನೇ ಮೊದಲಿಗನಾಗಲಿದ್ದೆ. ಬಗ್ಗಿ ನೋಡಿದರೆ, ಜಾರಿದ ಕಂಬಳಿ ನನ್ನ ಸೀಟಿಗೂ ಕಡ್ಡಿಗೂ ನಡುವೆ ಬೆಣೆಯಂತೆ ಸಿಕ್ಕಿಕೊಂಡಿತ್ತು. ಎಳೆದೆ, ಬರಲಿಲ್ಲ.

"ಮುಂದಕ್ಕೆ ನೂಕೋ!" ಎಂದು ಕೊಳವೆಯಲ್ಲಿ ಕೂಗಿದೆ.

"ಮುಂದಕ್ಕಾ? ಬಂಡೆ ಕಾಣಲ್ವೇನೋ?"

"ನೂಕೋ ಅಂದ್ರೆ!"

ನೂಕಿದ. ಮೂತಿ ತಗ್ಗಿತು, ಜೀವ ಬಾಯಿಗೆ ಬಂತು, ಕಂಬಳಿ ಕೈಗೆ ಬಂತು. ಮರುಕ್ಷಣ ವಿಮಾನ ತಲೆಯೆತ್ತಿತು. ಬೆಟ್ಟದ ಕೋಟೆಯ ಗೋಡೆ ನಮ್ಮ ಚಕ್ರದ ಕೆಳಗೇ ಹಾದುಹೋಯಿತು. ಏನಾಗಿತ್ತೆಂದು ಅವನಿಗೆ ಹೇಳಬೇಕಿತ್ತು. ಗಾಳಿಯ ಗದ್ದಲದಲ್ಲಿ ಕೇಳಿಸದು ಎಂದುಕೊಂಡು ಸುಮ್ಮನಿದ್ದೆ.

ಕೆರೆಯಂಗಳದಲ್ಲಿ ಇಳಿದದ್ದೇ ತಡ, ಶಂಕರ ಇನಾಯತುಲ್ಲಾನ ಮೇಲೆ ಹರಿಹಾಯ್ದ. "ನಾಳೆಯಿಂದ ನೀನು ಬರಬೇಡ!"

ಇನಾಯತುಲ್ಲಾ ಕೈಯಲ್ಲಿದ್ದ ಎಣ್ಣೆಬಟ್ಟೆಯನ್ನು ಮಡಿಸತೊಡಗಿದ. ಆ ಮಡಿಸುವುದನ್ನು ನನ್ನಿಂದ ನೋಡಲಾಗಲಿಲ್ಲ.

"ಕೆಡಿಸಿದೋನು ನಾನು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟೆ. "ಕಂಬಳಿ ಸಿಕ್ಕೊಂಡಿತ್ತು. ಏನೂ ಇಡಬೇಡ ಅಂತ ಇವನು ಹೇಳಿದ್ದ, ನಾನು ಅಣಕಿಸಿದ್ದೆ."

ಶಂಕರ ನನ್ನ ಕಡೆಗೆ ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಇನಾಯತುಲ್ಲಾ ನಡುವೆ ಬಂದ. "ಗಲತಿ ನಂದೂ ಐತೆ ಸಾಹೇಬ್ರೆ. ಕಲಿಯೋರು ಕೂತ್ರೆ ಮಾತ್ರ ಮುಂದ್ಲ ಕಡ್ಡಿ ಇರಬೇಕು. ಇವ್ರು ಕೂತಾಗ ಬಿಚ್ಚಬೇಕಿತ್ತು."

ಕೆಲಸ ಉಳಿದ ಗಳಿಗೆಯಲ್ಲೇ, ನನಗಾಗಿ, ಅದನ್ನು ಮತ್ತೆ ಪಣಕ್ಕಿಟ್ಟಿದ್ದ.

ಶಂಕರ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬಿಚ್ತೀನಿ ಅಂದೆಯಲ್ಲಯ್ಯ ನೀನು. ಹೊತ್ತಾಯ್ತು, ಬಿಡು ಅಂದೋನು ನಾನು." ಟೋಪಿ ಮತ್ತೆ ಹಾಕಿಕೊಂಡು, "ನಾಳೆ ಬೇಗ ಬಾ" ಎಂದ.

ವಿಮಾನವೂ ಉಳಿಯಿತು, ಮೂವರ ಮಾನವೂ ಉಳಿಯಿತು. ನಾನು ಇನಾಯತುಲ್ಲಾನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮಾತು ಬರಲಿಲ್ಲ, ಯಾರ ದನಿಯಲ್ಲೂ.

"ಬುಡಿ ಸ್ವಾಮಿ, ಮಸಿ ಆಯ್ತದೆ" ಎಂದ.

ನಾನು ಬಿಡಲಿಲ್ಲ.